ಪದಚರ್ಚೆ: ಮಿಕ್ಸರ್ ರಾಡ್ ತೊಳೆಯುವ ಬ್ರಷ್-ಬಕೆಟ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಒಂದು ಹೆಸರು ಬೇಕಾಗಿದೆ. ಮುಚ್ಚಳದ ಮೇಲೆ ಅಂಟಿಸುವ ಚೀಟಿ, ಜೊತೆಗೆ ಎರಡು ಪುಟದ ಬಳಕೆ ಕೈಪಿಡಿ, ಎರಡೂ ಅಚ್ಚಿಗೆ ಹೋಗಬೇಕು.

ವಸ್ತು ಇದು. ಗಾರೆ, ಟೈಲ್ಸ್ ಅಂಟು, ಪುಟ್ಟಿ, ಬಣ್ಣ ಕಲಸುವುದಕ್ಕೆ ಕೈಯಲ್ಲಿ ಹಿಡಿಯುವ ಮಿಕ್ಸರ್ ಯಂತ್ರಕ್ಕೆ ಉದ್ದನೆಯ ರಾಡ್ ಒಂದನ್ನು ಹಾಕುತ್ತಾರಲ್ಲ, ತುದಿಯಲ್ಲಿ ಸುರುಳಿ ಅಲಗು, ಅದರ ಕೆಳಗೊಂದು ಬಳೆ ಇರುವಂಥದ್ದು. ಕೆಲಸ ಮುಗಿದ ಮೇಲೆ ಆ ರಾಡನ್ನು ತೊಳೆಯುವ ಸಾಧನಕ್ಕೆ ಹೆಸರು ಬೇಕು. ನೋಡಲು 30 ಲೀಟರಿನ ಮುಚ್ಚಳದ ಬಕೆಟ್. ಒಳಗೋಡೆಗೆ ಮೂರು ಕಡೆ ಗಟ್ಟಿ ನೈಲಾನ್ ಬ್ರಷ್ಷಿನ ಪಟ್ಟಿ, ತಳದಲ್ಲಿ ಇನ್ನೊಂದು. ಮುಚ್ಚಳದ ನಡುವೆ ರಾಡ್ ಹಾಯುವಷ್ಟು ಸೀಳು. ನೀರು ಹಾಕಿ, ರಾಡ್ ಇಳಿಸಿ, ಮಿಕ್ಸರನ್ನೇ ಓಡಿಸಿದರೆ ಅಲಗುಗಳು ಬ್ರಷ್ಷಿಗೆ ಉಜ್ಜಿಕೊಂಡು ಚೊಕ್ಕಟವಾಗುತ್ತವೆ.

ನನ್ನ ಕೈಗೆ ಬಂದ ಕರಡಿನಲ್ಲಿ "ಮಿಶ್ರಣ ಉಪಕರಣ ಶುದ್ಧೀಕರಣ ಯಂತ್ರ" ಎಂದಿದೆ. ಚೀಟಿಯ ಅಗಲ 60 ಮಿ.ಮೀ. ಅಷ್ಟುದ್ದದ ಹೆಸರು ಅದರಲ್ಲಿ ಹಿಡಿಸುವುದಿಲ್ಲ. ಹಿಡಿಸಿದರೂ ಕೆಲಸದ ಜಾಗದಲ್ಲಿ ಯಾರೂ ಓದುವುದಿಲ್ಲ. ಮೂರು ಪದ ಮೀರದ ಹೆಸರು ತಿಳಿಸಿ. ರಾಡಿಗೂ ಒಂದು ಬೇಕು, ಬಕೆಟ್ಟಿಗೂ ಒಂದು ಬೇಕು.

* * *

ಮಂಥನದಂಡ ಶೋಧಕ. ಎರಡೇ ಪದ. ಎರಡೂ ನಿಘಂಟಿನಲ್ಲಿವೆ, ಸಮಾಸದಲ್ಲಿ ದೋಷವಿಲ್ಲ. ಉದ್ದವಾಯಿತು ಎನಿಸಿದರೆ "ದಂಡಮಾರ್ಜಕ" ಎನ್ನಿ. "ಕಲಸುದಂಡ" ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಅದು ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ದೋಷ.

* * *

> ಮಂಥನದಂಡ ಶೋಧಕ

ಸಂಸ್ಕೃತದಲ್ಲಿ ಶೋಧಕ ಎಂದರೆ ಶುದ್ಧಿ ಮಾಡುವುದು, ಒಪ್ಪಿದೆ. ಕನ್ನಡ ಓದುವವರಿಗೆ ಶೋಧಕ ಎಂದರೆ ಹುಡುಕುವವನು. ಮಾರ್ಜಕ ಎಂದರೆ ಬಟ್ಟೆ ಸೋಪಿನ ಪುಡಿ. ಮುಚ್ಚಳದ ಮೇಲೆ ಆ ಪದ ಕಂಡವರು ಒಳಗೆ ಪುಡಿ ಇದೆಯೇ ಎಂದು ನೋಡುತ್ತಾರೆ.

ಕರಡಿನ ಹೆಸರಿನಲ್ಲಿ ಇನ್ನೂ ದೊಡ್ಡ ತಪ್ಪು "ಯಂತ್ರ". ಇದರಲ್ಲಿ ಮೋಟಾರಿಲ್ಲ, ವೈರಿಲ್ಲ, ತಾನಾಗಿ ತಿರುಗುವ ಭಾಗ ಒಂದೂ ಇಲ್ಲ. ತಿರುಗುವುದು ರಾಡ್, ತಿರುಗಿಸುವುದು ಕಲಸುವ ಮಿಕ್ಸರ್, ಬಕೆಟ್ ಸುಮ್ಮನೆ ನಿಂತಿರುತ್ತದೆ. ಯಂತ್ರ ಎಂದು ಬರೆದರೆ ಕೈಪಿಡಿಯಲ್ಲಿ "ಯಂತ್ರವನ್ನು ನೀರಿನಲ್ಲಿ ಮುಳುಗಿಸಬೇಡಿ" ಎಂದು ಬಂದಾಗ ಯಾವ ಯಂತ್ರ ಎಂಬ ಗೊಂದಲ ಬರುತ್ತದೆ. ಆ ಗೊಂದಲ ವಿದ್ಯುತ್ತಿನ ವಿಷಯದಲ್ಲಿ ಬರಬಾರದು.

"ಶುದ್ಧೀಕರಣ"ವೂ ಸಲ್ಲದು. ಆ ಪದ ನಮಗೆ ಕುಡಿಯುವ ನೀರಿನ ಜೊತೆ ಅಂಟಿಕೊಂಡಿದೆ. ಸಿಮೆಂಟ್ ತೊಳೆದ ನೀರಿನ ಪಿಎಚ್ 12ರಿಂದ 13ರಷ್ಟಿರುತ್ತದೆ, ಚರ್ಮವನ್ನು ಸುಡುವಷ್ಟು ಕ್ಷಾರ. ಅದನ್ನು ಹಿಡಿದಿಟ್ಟುಕೊಳ್ಳುವ ಪಾತ್ರೆಯ ಮೇಲೆ ಶುದ್ಧ ಎಂಬ ಮಾತೇ ಬೇಡ.

ಕ್ರಿಯಾಪದ "ತೊಳೆ" ಆಗಿರಲಿ. "ಉಜ್ಜು", "ಕೆರೆ" ಎರಡೂ ಬೇಡ. ಈ ಸಾಧನ ಹಸಿ ಗಾರೆಯನ್ನು ಮಾತ್ರ ಬಿಡಿಸಬಲ್ಲದು. ಒಣಗಿ ಕಲ್ಲಾದದ್ದನ್ನು ಕೆರೆದೇ ತೆಗೆಯಬೇಕು. ಒಣಗಿದ ರಾಡನ್ನು ಇದರೊಳಗೆ ಹಾಕಿ ಓಡಿಸಿದರೆ ಬ್ರಷ್ಷಿನ ಎಳೆಗಳು ಬಾಗಿ, ಬುಡ ಕಿತ್ತು ಬರುತ್ತವೆ, ಗಾರೆಯ ಹೆಕ್ಕಳಿಕೆ ಹಾಗೇ ಇರುತ್ತದೆ. "ತೊಳೆ" ಎಂದರೆ ಕೆಲಸ ಮುಗಿದ ತಕ್ಷಣ ಮಾಡುವ ಕೆಲಸ ಎಂಬ ಸೂಚನೆ ಪದದಲ್ಲೇ ಬರುತ್ತದೆ.

* * *

ರಾಡ್ ಏಕೆ? ನಮ್ಮಲ್ಲಿ ಕಡೆಗೋಲು ಇದೆ. ಕಡೆ + ಕೋಲು, ಆದೇಶಸಂಧಿ, ಅಚ್ಚಗನ್ನಡ. ಊದುಗೊಳವೆ, ಒರೆಗಲ್ಲು ಇವೆಲ್ಲ ಇದೇ ಅಚ್ಚಿನವು. "ಕಡೆಗೋಲು ತೊಳೆಬಾನಿ" ಎನ್ನಿ, ಮುಗಿಯಿತು. ಬಕೆಟ್ಟೂ ಬೇಕಿಲ್ಲ.

* * *

> ನಮ್ಮಲ್ಲಿ ಕಡೆಗೋಲು ಇದೆ.

ಇದೆ, ಆದರೆ ಅದು ಉಲ್ಟಾ ಕೆಲಸ ಮಾಡುತ್ತದೆ. ಕಡೆಯುವುದು ಬೇರ್ಪಡಿಸಲು, ಕಡೆದರೆ ಬೆಣ್ಣೆ ಮೇಲೆ ಬರುತ್ತದೆ. ಇಲ್ಲಿ ಒಣಪುಡಿಯೂ ನೀರೂ ಒಂದಾಗಬೇಕು. ಅದಕ್ಕೆ ಕಲಸು ಎಂಬ ಪದವಿದೆ. ಬರೀ ದ್ರವವನ್ನು ಕದಡುವುದಾದರೆ ಕಲಕು, ಎರಡು ವಸ್ತು ಸೇರಿಸುವುದಾದರೆ ಬೆರೆಸು, ಹಿಟ್ಟಿನಂಥದ್ದನ್ನು ಮಿದಿಯುವುದಾದರೆ ನಾದು. ಇಷ್ಟು ನಯವಾದ ವಿಂಗಡಣೆ ಭಾಷೆಯಲ್ಲಿರುವಾಗ ಎಲ್ಲದಕ್ಕೂ ಕಡೆಗೋಲು ಎನ್ನುವುದು ಸೋಮಾರಿತನ. ಗಾರೆಗೆ ಕಲಸುಗೋಲು.

* * *

ಸೋಮಾರಿತನ ನಿಘಂಟು ತೆರೆಯದಿರುವುದರಲ್ಲಿದೆ. "ಕಡೆ" ಧಾತುವಿನ ಅರ್ಥ ಬೆಣ್ಣೆ ತೆಗೆಯುವುದಷ್ಟೇ ಅಲ್ಲ. ಕಡೆದ ಕಂಬ, ಕಡೆದ ಬೊಂಬೆ ಎನ್ನುವಾಗ ಅಲ್ಲಿ ಏನು ಬೇರ್ಪಟ್ಟಿತು? ತಿರುಗಣಿಯಲ್ಲಿ ತಿರುಗಿಸಿ ರೂಪ ಕೊಡುವುದೂ ಕಡೆಯುವುದೇ. ತಮಿಳಿನ ಕಡೈ, ಮಲಯಾಳದ ಕಡಯುಕ ಇವುಗಳಲ್ಲೂ ಈ ಎರಡು ಅರ್ಥಗಳು ಜೊತೆಯಾಗಿಯೇ ಬರುತ್ತವೆ. ಮೂಲದಲ್ಲಿರುವುದು ತಿರುಗುವಿಕೆ. ಈ ರಾಡಿನ ಲಕ್ಷಣವೂ ಅದೇ.

ಇನ್ನೊಂದು ಗಮನಿಸಿ. ಕಡೆಗೋಲು ಹಗ್ಗದ ಎಳೆತಕ್ಕೆ ಒಮ್ಮೆ ಹಿಂದೆ, ಒಮ್ಮೆ ಮುಂದೆ ತಿರುಗುತ್ತದೆ. ರಾಡನ್ನು ಬ್ರಷ್ಷಿನಲ್ಲಿ ತೊಳೆಯುವಾಗಲೂ ಹಿಂದೆ ಮುಂದೆ ತಿರುಗಿಸಿದರೇ ಅಲಗಿನ ಎರಡೂ ಮೈ ಶುಚಿಯಾಗುವುದು. ಆಗ ಗಾರೆ ಅಲಗಿನಿಂದ ಬೇರ್ಪಡುತ್ತದೆ. ನಿಮ್ಮ ಅರ್ಥವನ್ನೇ ಹಿಡಿದರೂ ಬಕೆಟ್ಟಿನೊಳಗೆ ನಡೆಯುವುದು ಕಡೆತವೇ.

* * *

> ಹಿಂದೆ ಮುಂದೆ ತಿರುಗಿಸಿದರೇ

ದಯವಿಟ್ಟು ಇದನ್ನು ಕೈಪಿಡಿಯಲ್ಲಿ ಹಾಕಬೇಡಿ. ರಾಡ್ ಮಿಕ್ಸರಿಗೆ ಕೂರುವ ಬಗೆ ಎರಡು. ಡ್ರಿಲ್ಲಿನ ಚಕ್ಕಿನಲ್ಲಿ ಕಚ್ಚಿಸುವ ಆರುಮೂಲೆಯ ರಾಡಾದರೆ ಹಿಂದಕ್ಕೆ ತಿರುಗಿಸಬಹುದು. ದೊಡ್ಡ ಮಿಕ್ಸರುಗಳಲ್ಲಿ ಸಾಮಾನ್ಯವಾಗಿ ಎಂ14 ಥ್ರೆಡ್ ಇರುತ್ತದೆ, ಅಂದರೆ 14 ಮಿ.ಮೀ. ತಿರುಪು. ಅದು ಕೆಲಸದ ದಿಕ್ಕಿನಲ್ಲಿ ತಿರುಗಿದಷ್ಟೂ ಬಿಗಿಯಾಗುತ್ತದೆ. ಬ್ರಷ್ಷಿನ ತಡೆ ಇರುವಾಗ ಹಿಂದಕ್ಕೆ ಓಡಿಸಿದರೆ ತಿರುಪು ಸಡಿಲಗೊಂಡು ರಾಡ್ ಬಕೆಟ್ಟಿನೊಳಗೇ ಕಳಚಿಕೊಳ್ಳಬಹುದು. ಅಂಥ ಮಿಕ್ಸರಿನಲ್ಲಿ ಎರಡನೇ ಮೈ ಶುಚಿಯಾಗಬೇಕಾದರೆ ರಾಡನ್ನು ಮೇಲೆ ಕೆಳಗೆ ಆಡಿಸಬೇಕು, ಒಂದೊಂದು ಗೋಡೆಯ ಬ್ರಷ್ಷಿನ ಕಡೆಗೂ ಸ್ವಲ್ಪ ವಾಲಿಸಬೇಕು. ಹೆಸರಿನಲ್ಲಿ ಕಡೆಗೋಲು ಎಂದು ಕೊಟ್ಟು, ಒಳಗೆ ಹಿಂದಕ್ಕೆ ತಿರುಗಿಸಬೇಡಿ ಎಂದು ಬರೆಯುವುದು ಸರಿಹೋಗದು.

ವ್ಯುತ್ಪತ್ತಿ ಸರಿಯಿರಬಹುದು. ಪದ ಹೊರುವ ಚಿತ್ರ ತಪ್ಪಾದರೆ ಬಳಸುವವರ ಕೈ ತಪ್ಪುತ್ತದೆ.

* * *

ಅರಿಸಮಾಸ ಎಂದವರಿಗೆ: "ಕಲಸುದಂಡ" ಗಮಕಸಮಾಸ. ಕಲಸುವುದು + ದಂಡ. ಗಮಕಸಮಾಸ, ಕ್ರಿಯಾಸಮಾಸಗಳಲ್ಲಿ ಆ ದೋಷವನ್ನು ವ್ಯಾಕರಣವೇ ಎಣಿಸುವುದಿಲ್ಲ. ಬೇಡ ಎನ್ನುವುದಾದರೆ ಬೇರೆ ಕಾರಣ ಕೊಡಿ.

"ತೊಳೆಬಾನಿ"ಯ ಬಗ್ಗೆ ನನ್ನ ತಕರಾರು ಬೇರೆ. ತೊಳೆ ಎಂಬುದು ನಾಮಪದವೂ ಹೌದು, ಹಣ್ಣಿನ ತೊಳೆ. ಒಂಟಿಯಾಗಿ ಚೀಟಿಯ ಮೇಲೆ ಕಂಡಾಗ ಕಣ್ಣು ಎಡವುತ್ತದೆ. "ತೊಳೆಯುವ" ಎಂದು ಪೂರ್ತಿ ಬರೆದರೆ ಎರಡಕ್ಷರ ಹೆಚ್ಚು, ಗೊಂದಲ ಇಲ್ಲ. ಬಾನಿ ಅಗಲ ಬಾಯಿಯದು, ಮುಚ್ಚಳ, ಹಿಡಿಕೆ ಇಲ್ಲದ್ದು. ತೊಟ್ಟಿ ಒಂದೆಡೆ ನೆಲೆನಿಂತದ್ದು. ಈ ವಸ್ತುವಿಗೆ ಹಿಡಿಕೆ ಇದೆ, ಎತ್ತಿಕೊಂಡು ಹೋಗುತ್ತಾರೆ. ಅದು ಬಕೆಟ್ಟೇ.

* * *

ಬಕೆಟ್ಟೇ, ರಾಡೇ, ಬ್ರಷ್ಷೇ, ಮಿಕ್ಸರೇ. ಹಾಗಾದರೆ ಕನ್ನಡ ಅನುವಾದ ಯಾತಕ್ಕೆ? "ತೊಳೆಯುವ" ಒಂದನ್ನು ಬಿಟ್ಟು ಮಿಕ್ಕದ್ದೆಲ್ಲ ಇಂಗ್ಲಿಷ್. ಪ್ರತಿ ಸಲವೂ ಜನ ಬಳಸುತ್ತಾರೆ ಎಂಬ ಒಂದೇ ನೆಪ ಹೇಳಿ ಕೈತೊಳೆದುಕೊಂಡರೆ ಪದ ಕಟ್ಟುವ ಅಭ್ಯಾಸವೇ ತಪ್ಪಿಹೋಗುತ್ತದೆ. ಊದುಗೊಳವೆ ಕಟ್ಟಿದವರು ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

* * *

ಗಾರೆ ಕೆಲಸದ ಯಜಮಾನನನ್ನು ಕರೆಯುವ "ಮೇಸ್ತ್ರಿ" ಪೋರ್ಚುಗೀಸಿನಿಂದ ಬಂದದ್ದು. ಚಾವಿ, ಅಲಮಾರು ಅಲ್ಲಿಂದಲೇ. ಇವನ್ನು ಯಾರೂ ಹೊರಗೆ ಹಾಕಲಿಲ್ಲ, ಕನ್ನಡ ಬಡವಾಗಲಿಲ್ಲ. ಬಕೆಟ್ಟಿಗೆ ವಿಭಕ್ತಿ ಹಚ್ಚಿ "ಬಕೆಟ್ಟಿನೊಳಗೆ" ಎಂದಾಗಲೇ ಅದು ನಮ್ಮದಾಯಿತು.

ಆದರೆ "ರಾಡ್" ಬೇಡ ಎನ್ನುವವರ ಕಡೆ ನಾನಿದ್ದೇನೆ, ಕಾರಣ ಮಾತ್ರ ಬೇರೆ. ಕಟ್ಟಡ ಕಟ್ಟುವ ಜಾಗದಲ್ಲಿ ರಾಡ್ ಎಂದರೆ ಮೊದಲು ನೆನಪಾಗುವುದು ಕಾಂಕ್ರೀಟಿಗೆ ಹಾಕುವ ಕಬ್ಬಿಣದ ಕಂಬಿ. "ರಾಡ್ ತೊಳೆಯುವ ಬಕೆಟ್" ಎಂದರೆ ಕಂಬಿ ತೊಳೆಯುವುದು ಎಂದಾಗುತ್ತದೆ. ಇಲ್ಲಿ ಎರವಲು ಪದ ಸೋಲುವುದು ಎರವಲು ಎಂಬ ಕಾರಣಕ್ಕಲ್ಲ, ಆ ಜಾಗ ಆಗಲೇ ಭರ್ತಿಯಾಗಿದೆ ಎಂಬ ಕಾರಣಕ್ಕೆ. ಕಲಸುಗೋಲು ನಿಲ್ಲುತ್ತದೆ. ಕೋಲು ಎಂದರೆ ಮರದ್ದೇ ಆಗಬೇಕೆಂದಿಲ್ಲ, ಕುಡುಗೋಲು ಕಬ್ಬಿಣದ್ದೇ.

"ಬ್ರಷ್" ಉಳಿಯಲಿ. ಕುಂಚ ಎಂದರೆ ಬಣ್ಣ ಬಳಿಯುವುದು, ಅದೇ ಕೆಲಸದ ಜಾಗದಲ್ಲಿ ಅದೂ ಇರುತ್ತದೆ. ಆದರೆ ಬರೀ ಬ್ರಷ್ ಎಂದು ಬರೆದು ನಿಲ್ಲಿಸಬೇಡಿ. ಮಿಕ್ಸರಿನ ಮೋಟಾರಿನೊಳಗೆ ವಿದ್ಯುತ್ ಹಾಯಿಸುವ ಕಾರ್ಬನ್ ಬ್ರಷ್ ಇರುತ್ತದೆ. "ಬ್ರಷ್ ಸವೆದರೆ ಬದಲಿಸಿ" ಎಂದರೆ ಓದಿದವರು ಮೋಟಾರು ಬಿಚ್ಚಲು ಹೊರಡಬಹುದು. ಎಲ್ಲ ಕಡೆಯೂ "ತೊಳೆಯುವ ಬ್ರಷ್".

* * *

ಕೇಳಿದವನೇ ಮತ್ತೆ ಬರೆಯುತ್ತಿದ್ದೇನೆ. ಹೆಸರು ಹೆಚ್ಚುಕಡಿಮೆ ಸಿಕ್ಕಿತು, ಉಪಕಾರವಾಯಿತು. ಬಳಕೆಯ ಹಂತಗಳಿಗೂ ಪದ ಬೇಕು. ಕರಡಿನಲ್ಲಿ "ದ್ರವ ಮಟ್ಟ", "ಅಪಕೇಂದ್ರ ಒಣಗಿಸುವಿಕೆ", "ತ್ಯಾಜ್ಯ ಅವಸಾದನ" ಎಂದೆಲ್ಲ ಇದೆ. ಜೊತೆಗೆ ಬಿಟ್ಟುಹೋದ ಎಚ್ಚರಿಕೆ ಇದ್ದರೆ ಹೇಳಿ.

* * *

ಹೀಗೆ ಬರೆಯಿರಿ. ನೀರು ಅಲಗಿನ ಭಾಗ ಪೂರ್ತಿ ಮುಳುಗುವಷ್ಟಿರಲಿ, ಅರ್ಧ ಬಕೆಟ್ಟಿಗಿಂತ ಹೆಚ್ಚು ಬೇಡ. 30 ಲೀಟರಿನದಕ್ಕೆ 12ರಿಂದ 15 ಲೀಟರ್ ಆಯಿತು. "ದ್ರವ ಮಟ್ಟ" ಅಲ್ಲ, "ನೀರಿನ ಗೆರೆ". ಮಿಕ್ಸರ್ ನಿಂತಿರುವಾಗಲೇ ಕಲಸುಗೋಲನ್ನು ಇಳಿಸಿ, ಮುಚ್ಚಳ ಕೂರಿಸಿ, ಆಮೇಲೆ ಸ್ವಿಚ್ ಒತ್ತಬೇಕು. ತಿರುಗುತ್ತಿರುವಾಗಲೇ ಇಳಿಸಿದರೆ ಅಲಗು ಅಂಚಿಗೆ ತಗುಲಿ ಬಕೆಟ್ ಉರುಳುತ್ತದೆ. ನಿಧಾನ ವೇಗದಲ್ಲಿ ಶುರುಮಾಡಿ, ಅರ್ಧ ನಿಮಿಷ ಮೇಲೆ ಕೆಳಗೆ ಆಡಿಸಬೇಕು. 120ರಿಂದ 160 ಮಿ.ಮೀ. ಬಳೆಯಿದ್ದರೆ ಬ್ರಷ್ ಸುಲಭವಾಗಿ ತಾಕುತ್ತದೆ. 80 ಮಿ.ಮೀ.ನ ಸಣ್ಣದನ್ನು ಗೋಡೆಯ ಹತ್ತಿರಕ್ಕೆ ತರಬೇಕು. ಬಳೆಗೂ ಅಲಗಿಗೂ ಬೆಸುಗೆ ಕೂಡುವ ಮೂಲೆಯಲ್ಲಿ ಗಾರೆ ಅಡಗಿರುತ್ತದೆ, ಹೊರತೆಗೆದು ನೋಡಬೇಕಾದ ಜಾಗ ಅದೇ.

"ಅಪಕೇಂದ್ರ ಒಣಗಿಸುವಿಕೆ"ಗೆ "ನೀರು ಕೊಡವುವುದು" ಸಾಕು. ಕಲಸುಗೋಲನ್ನು ನೀರಿನಿಂದ ಮೇಲೆತ್ತಿ, ಮುಚ್ಚಳದ ಕೆಳಗೇ ಇಟ್ಟುಕೊಂಡು ಎರಡು ಮೂರು ಸೆಕೆಂಡು ತಿರುಗಿಸಿದರೆ ಹನಿ ಒಳಗೋಡೆಗೇ ಸಿಡಿಯುತ್ತದೆ. ಹೊರಗೆ ತೆಗೆದು ತಿರುಗಿಸಿದರೆ ಆ ಕ್ಷಾರದ ನೀರು ಕಣ್ಣಿಗೆ ಹಾರುತ್ತದೆ. ಕನ್ನಡಕ, ಕೈಗವಸು ಎರಡನ್ನೂ ಹೆಸರಿಸಿ.

"ತ್ಯಾಜ್ಯ ಅವಸಾದನ"ಕ್ಕೆ ಗಸಿ ಎಂಬ ಪದ ಇದೆ. ಗಸಿ ಕೂರಲಿ, ತಿಳಿ ಮೇಲೆ ನಿಲ್ಲಲಿ. ಗಸಿಯನ್ನು ಅವತ್ತೇ ತೆಗೆದು ಬೇರೆ ಕಡೆ ಗಟ್ಟಿಯಾಗಲು ಬಿಡಬೇಕು. ರಾತ್ರಿಯಿಡೀ ಒಳಗೇ ಬಿಟ್ಟರೆ ತಳದ ಬ್ರಷ್ಷನ್ನೂ ಕಚ್ಚಿಕೊಂಡು ಕಲ್ಲಾಗುತ್ತದೆ, ಆ ಬ್ರಷ್ ಮತ್ತೆ ಬಳಕೆಗೆ ಬರುವುದಿಲ್ಲ. ಚರಂಡಿಗೆ ಸುರಿದರೆ ಪೈಪಿನಲ್ಲೂ ಅದೇ ಆಗುತ್ತದೆ. ಇಲ್ಲಿ "ತಿಳಿನೀರು" ಎಂದು ಬರೆಯುವಾಗ ಜೋಕೆ, ತಿಳಿ ಎಂದರೆ ಚೊಕ್ಕ ಎಂದು ನಾವು ಓದುತ್ತೇವೆ. ಅದು ಕಾಣಲು ತಿಳಿ, ಕ್ಷಾರ ಹಾಗೇ ಇರುತ್ತದೆ. ಮತ್ತೆ ತೊಳೆಯಲು ಬಳಸಬಹುದು, ಹೊಸದಾಗಿ ಕಲಸಲು ಕೂಡದು.

ಜಿಪ್ಸಂ ಪ್ಲಾಸ್ಟರ್ ಕಲಸುವವರಿಗೆ ಪ್ರತ್ಯೇಕ ಸಾಲು ಬೇಕು. ಕಲಸುಗೋಲಿನ ಮೇಲೆ ಉಳಿದ ಗಟ್ಟಿ ಜಿಪ್ಸಂ ಹರಳುಗಳು ಮುಂದಿನ ಕಲಸಿಗೆ ಹೆಪ್ಪಿನಂತೆ ಕೆಲಸ ಮಾಡಿ, ಅದು ಹೊತ್ತಿಗೆ ಮುಂಚೆಯೇ ಬಿಗಿಯುತ್ತದೆ. ಟೈಲ್ಸ್ ಅಂಟಿನಲ್ಲಾದರೆ ಹಳೆಯ ಹೆಕ್ಕಳಿಕೆ ಹರಳಾಗಿ ಉದುರಿ, ಹಲ್ಲುಕರಣೆ ಎಳೆಯುವಾಗ ಗೆರೆ ಕೆಡಿಸುತ್ತದೆ, ಟೈಲ್ ಮಟ್ಟಸವಾಗಿ ಕೂರುವುದಿಲ್ಲ. ಒಂದೇ ಅಲಗಿಗೆ ದಪ್ಪಗೆ ಕಚ್ಚಿದ್ದರೆ ತೂಕ ವಾಲಿ ಮಿಕ್ಸರ್ ಅದುರುತ್ತದೆ, ಬೇರಿಂಗ್ ಬೇಗ ಸವೆಯುತ್ತದೆ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಎಣ್ಣೆ ಬಣ್ಣವೆಂದು ಇದರಲ್ಲಿ ಥಿನ್ನರ್ ತುಂಬಿ ಮಿಕ್ಸರ್ ಓಡಿಸಬಾರದು. ಕಾರ್ಬನ್ ಬ್ರಷ್ ಇರುವ ಮೋಟಾರಿನಲ್ಲಿ ಕಿಡಿ ಏಳುತ್ತದೆ, ಥಿನ್ನರ್ ಆವಿ ಹೊತ್ತಿಕೊಳ್ಳುತ್ತದೆ. ಎಪಾಕ್ಸಿಯೂ ನೀರಿಗೆ ಬಿಡುವುದಿಲ್ಲ, ಗಟ್ಟಿಯಾಗುವ ಮೊದಲೇ ಬಟ್ಟೆಯಿಂದ ಒರೆಸಬೇಕು. ಮುಚ್ಚಳದ ಮೇಲೆ ಹೆಸರಿನ ಕೆಳಗೇ "ನೀರು ಮಾತ್ರ" ಎಂದು ಹಾಕಿ.

* * *

ಅಚ್ಚಿಗೆ ಹೋಗುವ ರೂಪ ಇದು. ಚೀಟಿಯ ಮೊದಲ ಸಾಲು: ಕಲಸುಗೋಲು ತೊಳೆಯುವ ಬಕೆಟ್. ಎರಡನೇ ಸಾಲು: ನೀರು ಮಾತ್ರ. ಕೈಪಿಡಿಯಲ್ಲಿ ಮೊದಲ ಬಾರಿ ಬಂದಾಗ "ಕಲಸುಗೋಲು, ಅಂದರೆ ಮಿಕ್ಸರಿಗೆ ಹಾಕುವ ರಾಡ್" ಎಂದು ಬಿಡಿಸಿ, ಆಮೇಲೆ ಕಲಸುಗೋಲು ಎಂದಷ್ಟೇ ಬರೆದಿದ್ದೇನೆ. ಯಂತ್ರ ಎಂಬ ಪದ ಮಿಕ್ಸರಿಗೆ ಮಾತ್ರ.

* * *

ಕಡೆಗೋಲು ಬಿಟ್ಟದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಆದರೆ ತಿರುಪಿನ ವಿಷಯ ನನಗೆ ಗೊತ್ತಿರಲಿಲ್ಲ, ಅದನ್ನು ಒಪ್ಪುತ್ತೇನೆ.

* * *

"ನೀರು ಮಾತ್ರ" ಎಂದಷ್ಟೇ ಇದ್ದರೆ ಬರೀ ನೀರು ತುಂಬಿಡುವ ಬಕೆಟ್ ಎಂದು ಓದಬಹುದು. "ನೀರಿನಿಂದ ಮಾತ್ರ ತೊಳೆಯಿರಿ, ಥಿನ್ನರ್ ಹಾಕಬೇಡಿ" ಎಂದು ಪೂರ್ತಿ ಹಾಕಿ, ಅಕ್ಷರ ಸಣ್ಣದಾದರೂ ಚಿಂತೆಯಿಲ್ಲ. ಮತ್ತು ನೀರಿನ ಗೆರೆಯನ್ನು ಒಳಗೋಡೆಯ ಮೇಲೇ ಎಳೆಯಲು ಹೇಳಿ. ಮುಚ್ಚಳ ತೆಗೆದು ನೀರು ಹಾಕುವಾಗ ಚೀಟಿ ಕಣ್ಣೆದುರು ಇರುವುದಿಲ್ಲ.