ಔಷಧದ ‘ಸೀಲಿಂಗ್ ಪ್ರೈಸ್’: ‘ಗರಿಷ್ಠ ಬೆಲೆ’ ಎನ್ನಬಹುದೇ?

ಪ್ರಶ್ನೆ, ಕಾರವಾರದಿಂದ:
ಔಷಧ ಬೆಲೆ ನಿಯಂತ್ರಣ ಆದೇಶ, 2013ರ ‘ಸೀಲಿಂಗ್ ಪ್ರೈಸ್’ಗೆ ‘ಗರಿಷ್ಠ ಬೆಲೆ’ ಎಂದು ಬರೆಯುವುದುಂಟು. ಗುಳಿಗೆಯ ಶೀಟಿನ ಮೇಲಿನ ಎಂಆರ್‌ಪಿಗೂ ಅದೇ ಮಾತು. ಗ್ರಾಹಕರಿಗಾಗಿ ಮಾಹಿತಿ ಹಾಳೆ ಬರೆಯುವಾಗ ಎರಡನ್ನೂ ಬೇರೆಯಾಗಿ ತೋರಿಸುವ ಪದ ಬೇಕು. ‘ನಿಗದಿತ ಬೆಲೆ’ ಆದೀತೇ? ‘ಶೆಡ್ಯೂಲ್ಡ್ ಡ್ರಗ್’, ‘ಫಾರ್ಮುಲೇಶನ್’ ಇವಕ್ಕೂ ಸೂಚಿಸಿ.

ಉತ್ತರ, ಶಿರಸಿಯಿಂದ:
‘ನಿಗದಿತ’ ಬೇಡ. ಇದಕ್ಕಿಂತ ಮೇಲೆ ಹೋಗಕೂಡದು ಎಂದು ಗೆರೆ ಎಳೆಯುವುದಷ್ಟೇ ಸರ್ಕಾರದ ಕೆಲಸ. ಕೆಳಗೆ ಎಷ್ಟಕ್ಕೂ ಮಾರಬಹುದು. ಮೊದಲೇ ಕಡಿಮೆಗೆ ಮಾರುತ್ತಿದ್ದ ಕಂಪನಿ ಆ ಗೆರೆ ಮುಟ್ಟುವವರೆಗೆ ಏರಿಸುವಂತೆಯೂ ಇಲ್ಲ.

‘ಗರಿಷ್ಠ’ದ ತೊಡಕು ನಮ್ಮ ಕಡೆ ಇನ್ನೂ ಹೆಚ್ಚು. ಅಡಿಕೆ ಧಾರಣೆಯಲ್ಲಿ ರಾಶಿ, ಚಾಲಿ ಎಂಬ ಅಡಿಕೆ ಬಗೆಗಳಿಗೆ ‘ಗರಿಷ್ಠ’ ಎಂದರೆ ಆ ದಿನ ಪೇಟೆಯಲ್ಲಿ ನಿಜವಾಗಿ ಬಿದ್ದ ಅತಿ ಹೆಚ್ಚಿನ ದರ. ಅದು ಕಾನೂನಿನ ಮಿತಿಯಲ್ಲ. ‘ಮಿತಿ ಬೆಲೆ’ ಎಂದು ಬರೆಯಿರಿ. ಎಂಆರ್‌ಪಿಯನ್ನು ಎಂಆರ್‌ಪಿ ಎಂದೇ ಬಿಡಿ, ಅದು ಎಲ್ಲರಿಗೂ ಗೊತ್ತು.

ಎರಡಕ್ಕೂ ಒಂದೇ ಪದವಿದ್ದರೆ ಲೆಕ್ಕವೇ ತಪ್ಪುತ್ತದೆ. ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ಪ್ರಕಟಿಸುವ ಮಿತಿ ಬೆಲೆಯಲ್ಲಿ ಜಿಎಸ್‌ಟಿ ಸೇರಿರುವುದಿಲ್ಲ, ಎಂಆರ್‌ಪಿಯಲ್ಲಿ ಸೇರಿರುತ್ತದೆ. ಪಟ್ಟಿಯಲ್ಲಿ ಬೆಲೆ ಒಂದು ಗುಳಿಗೆಗೆ ಅಥವಾ ಒಂದು ಮಿ.ಲೀ.ಗೆ, ಶೀಟಿನ ಮೇಲೆ ಇಡೀ ಶೀಟಿಗೆ. ಒಂದು ಮಾದರಿ ಲೆಕ್ಕ: ಮಾರುಕಟ್ಟೆಯಲ್ಲಿ ಶೇ. 1 ಅಥವಾ ಹೆಚ್ಚು ಪಾಲಿರುವ ಮೂರು ಬ್ರ್ಯಾಂಡ್‌ಗಳು ಅಂಗಡಿಯವರಿಗೆ ಗುಳಿಗೆಯೊಂದಕ್ಕೆ ₹2, ₹3, ₹4ಕ್ಕೆ ಸಿಗುತ್ತಿವೆ ಎನ್ನಿ. ಸರಾಸರಿ ₹3. ಅದಕ್ಕೆ ಅಂಗಡಿಯವರ ಪಾಲು ಶೇ. 16 ಕೂಡಿಸಿದರೆ ಮಿತಿ ಬೆಲೆ ₹3.48. ಹತ್ತು ಗುಳಿಗೆಗೆ ₹34.80. ಶೇ. 5 ಜಿಎಸ್‌ಟಿ ಸೇರಿಸಿ ಎಂಆರ್‌ಪಿ ₹36.54ರವರೆಗೆ ಇರಬಹುದು. ಪಟ್ಟಿಯ ಪ್ರಕಾರ ಶೀಟಿಗೆ ಬರುವ ₹34.80ನ್ನು ‘ಗರಿಷ್ಠ ಬೆಲೆ’ ಎಂದು ಓದಿದವರು ₹36.54 ಕಂಡು ಅಂಗಡಿಯವರ ಮೇಲೆ ಹರಿಹಾಯುತ್ತಾರೆ. ಅವರದೂ ತಪ್ಪಲ್ಲ, ಅಂಗಡಿಯವರದೂ ತಪ್ಪಲ್ಲ.

ಹಾಳೆಯಲ್ಲಿ ಈ ಕ್ರಮ ಕೊಡಿ: ಎಂಆರ್‌ಪಿಯನ್ನು ಗುಳಿಗೆಗಳ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು 1.05ರಿಂದ ಭಾಗಿಸಿ, ಆಮೇಲೆ ಮಿತಿ ಬೆಲೆಯೊಂದಿಗೆ ಹೋಲಿಸಿ. ಈ 1.05 ಶೇ. 5 ಜಿಎಸ್‌ಟಿಯ ಲೆಕ್ಕ, ಎಲ್ಲಕ್ಕೂ ಹೊಂದದು: 2025ರ ಸೆಪ್ಟೆಂಬರ್ 22ಕ್ಕೆ ಮೊದಲು ಹೆಚ್ಚಿನ ಔಷಧಗಳಿಗೆ ಜಿಎಸ್‌ಟಿ ಶೇ. 12 ಇತ್ತು, ಕೆಲವು ಜೀವರಕ್ಷಕ ಔಷಧಗಳಿಗೆ ಈಗ ತೆರಿಗೆಯೇ ಇಲ್ಲ. ಪ್ರಮಾಣ, ರೂಪ ಎರಡೂ ತಾಳೆಯಾಗಬೇಕು. ಪ್ಯಾರಸಿಟಮಾಲ್ 500 ಮಿ.ಗ್ರಾಂ.ನ ಮಿತಿಯನ್ನು 650ಕ್ಕೆ ಹಚ್ಚಿ ನೋಡುವಂತಿಲ್ಲ. ಸಗಟು ಬೆಲೆ ಸೂಚ್ಯಂಕ ಹಿಡಿದು ಏಪ್ರಿಲ್ 1ಕ್ಕೆ ಮಿತಿ ಬದಲಾಗುವುದರಿಂದ (2023ರಲ್ಲಿ ಶೇ. 12.12 ಏರಿತ್ತು, ಮರುವರ್ಷ ಏರಿದ್ದು ಶೇ. 0.00551 ಮಾತ್ರ) ಹಾಳೆಯ ಮೇಲೆ ಪಟ್ಟಿಯ ತಾರೀಕು ಹಾಕಲೇಬೇಕು.

‘ಶೆಡ್ಯೂಲ್ಡ್ ಡ್ರಗ್’ ಎಂದರೆ ಈ ಆದೇಶದ ಪಟ್ಟಿಯಲ್ಲಿದ್ದು ಮಿತಿ ಬೆಲೆಗೆ ಒಳಪಡುವ ಔಷಧ. ಅದಕ್ಕೆ ‘ಅನುಸೂಚಿತ’ ಎಂದರೆ ಶೆಡ್ಯೂಲ್ ಎಚ್ ಎಂಬ ಬೇರೆ ಪಟ್ಟಿಯ ಜೊತೆ ಗಂಟು ಬೀಳುತ್ತದೆ. ಶೆಡ್ಯೂಲ್ ಎಚ್ ಹೇಳುವುದು ವೈದ್ಯರ ಚೀಟಿ ಬೇಕೆಂದು. ಅದಕ್ಕೂ ಬೆಲೆಗೂ ಸಂಬಂಧವಿಲ್ಲ. ‘ಬೆಲೆಪಟ್ಟಿಯ ಔಷಧ’, ‘ಬೆಲೆಪಟ್ಟಿಯ ಹೊರಗಿನ ಔಷಧ’ ಸಾಕು. ಎರಡನೆಯದನ್ನು ‘ನಿಯಂತ್ರಣವಿಲ್ಲದ ಔಷಧ’ ಎನ್ನುವುದು ಶುದ್ಧ ತಪ್ಪು: ಅದರ ಎಂಆರ್‌ಪಿಯನ್ನೂ 12 ತಿಂಗಳಲ್ಲಿ ಶೇ. 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ.

‘ಫಾರ್ಮುಲೇಶನ್’ಗೆ ‘ಸೂತ್ರೀಕರಣ’ ಎಂದರೆ ಗಣಿತದ ವಾಸನೆ. ಗುಳಿಗೆ, ಸಿರಪ್, ಇಂಜೆಕ್ಷನ್ ಆಗಿ ರೋಗಿಯ ಕೈಗೆ ಬರುವುದು ‘ಸಿದ್ಧ ಔಷಧ’. ಅದರೊಳಗಿನ ‘ಬಲ್ಕ್ ಡ್ರಗ್’ಗೆ ‘ಔಷಧ ಮೂಲದ್ರವ್ಯ’ ಎನ್ನಿ. ‘ಸಗಟು ಔಷಧ’ ಎಂದರೆ ಹೋಲ್‌ಸೇಲ್ ಅಂಗಡಿಯ ಮಾಲು ಎಂದಾಗುತ್ತದೆ.