ಸಹಾಯ ಬೇಕು: ಮಗನ ಕೈಯಲ್ಲಿ ನರಹುಲಿ, ತೆಗೆಸಬೇಕಾ, ಕಾಯಬೇಕಾ?

ಎಲ್ಲರಿಗೂ ನಮಸ್ಕಾರ, ನಾವು ಮಂಡ್ಯದವರು. ಮಗನಿಗೆ 9 ವರ್ಷ. ಹೆಬ್ಬೆರಳ ಉಗುರಿನ ಪಕ್ಕ ಒಂದೇ ಒಂದು ನರಹುಲಿ ಇತ್ತು, ಅವನು ಸುಮ್ನೆ ಇರದೆ ಕಚ್ಚಿ ಕಚ್ಚಿ ಈಗ ನಾಲ್ಕಾಗಿದೆ, ತುಟಿ ಹತ್ತಿರವೂ ಚಿಕ್ಕದೊಂದು ಶುರುವಾಗಿದೆ. ಊರಿಗೆ ಹೋದಾಗ ನಮ್ಮತ್ತೆ ಕುದುರೆ ಕೂದಲು ಕಟ್ಟು ಅಂದರು, ಆಮೇಲೆ ಎಕ್ಕದ ಹಾಲು ಹಚ್ಚಿದರು. ನರಹುಲಿ ಅಲ್ಲೇ ಇದೆ, ಸುತ್ತಲಿನ ಚರ್ಮ ಸುಟ್ಟು ಬೊಬ್ಬೆ ಬಂತು! ದಯವಿಟ್ಟು ಯಾರೂ ಸುಣ್ಣ, ಸೋಡಾ ಅಂತ ಹೇಳಬೇಡಿ.

ಇದು ಎಚ್‌ಪಿವಿ ಅನ್ನುವ ವೈರಸ್‌ನಿಂದ ಬರುತ್ತದೆ, ಕಚ್ಚಿದರೆ ಕಿತ್ತರೆ ಹರಡುತ್ತದೆ, ಟವೆಲ್ ಬೇರೆ ಇಡಿ ಅಂದರು ಡಾಕ್ಟರ್. ಮಕ್ಕಳಲ್ಲಿ ಎಷ್ಟೋ ಸಲ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದಂತೆ. ಬೆರಳಿಗೆ ಸ್ಯಾಲಿಸಿಲಿಕ್ ಆಸಿಡ್ ಬರೆದುಕೊಟ್ಟಿದ್ದಾರೆ. ದಿನಾ ಬಿಸಿನೀರಲ್ಲಿ ನೆನೆಸಿ, ಮೇಲಿನ ಸತ್ತ ಚರ್ಮ ಉಜ್ಜಿ ಹಚ್ಚಬೇಕು, ಮೂರು ತಿಂಗಳಾದರೂ ಹಿಡಿಯಬಹುದು. ಮುಖಕ್ಕೆ ಮಾತ್ರ ಹಚ್ಚಲೇಬಾರದು. ಐದು ವಾರ ಆಯ್ತು, ಸ್ವಲ್ಪ ಬೆಳ್ಳಗಾಗಿದೆ ಅಷ್ಟೇ.

ಗುಣವಾಗದಿದ್ದರೆ ದ್ರವ ಸಾರಜನಕ ಹಾಕಿ ಹೆಪ್ಪುಗಟ್ಟಿಸುವುದು, ಇಲ್ಲಾ ಕರೆಂಟಲ್ಲಿ ಸುಡುವುದು ಅಂತಾರೆ. ಮಕ್ಕಳಿಗೆ ಮಾಡಿಸಿದವರು ಇದ್ದೀರಾ? ನೋವು ಜಾಸ್ತಿನಾ, ಎಷ್ಟು ಸಲ ಹೋಗಬೇಕಾಯ್ತು, ಕಲೆ ಉಳಿಯಿತಾ? ತುಟಿ ಹತ್ತಿರದ್ದಕ್ಕೆ ಏನು ಮಾಡಿಸಿದಿರಿ? ಇದೆಲ್ಲ ಇಲ್ಲೇ ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲಿ ಆಗುತ್ತದಾ, ಮೈಸೂರು ಕೆ.ಆರ್. ಆಸ್ಪತ್ರೆಗೇ ಹೋಗಬೇಕಾ? ಶಾಲೆಯಲ್ಲಿ ಹುಡುಗರು ಅವನ ಕೈ ಮುಟ್ಟುತ್ತಿಲ್ಲವಂತೆ, ಅದೇ ಬೇಜಾರು.