ಪಗ್ ಮರಿ ತರೋಣ ಅಂತಿದ್ದೀವಿ, ಸಾಕಿದವರು ಹೇಳಿ

ಬಳ್ಳಾರಿಯಿಂದ ಪ್ರಶ್ನೆ: ಮಗಳಿಗೆ ಹತ್ತು ತುಂಬುತ್ತೆ, ಪಗ್ ನಾಯಿಮರಿ ಬೇಕೇ ಬೇಕು ಅಂತ ಹಟ. ಮಾರುವವರು "ಚಾಂಪಿಯನ್ ಲೈನ್, ಪೇಪರ್ ಇದೆ" ಅಂತಾರೆ, ಅಂದರೆ ಪ್ರದರ್ಶನದಲ್ಲಿ ಗೆದ್ದ ನಾಯಿಗಳ ವಂಶ, ವಂಶಾವಳಿ ಪತ್ರವೂ ಇದೆ ಅಂತ. ನಮ್ಮ ಭಾವನವರು ಮಾತ್ರ ಆ ಜಾತಿಗೆ ಕಾಯಿಲೆ ಜಾಸ್ತಿ ಅಂತಾರೆ. ನಿಜಾನಾ?

ಬೆಂಗಳೂರಿನಿಂದ: ನಿಜ. ಒಂಬತ್ತು ವರ್ಷ ನಮ್ಮನೇಲಿ ಪಗ್ ಇತ್ತು, ಚಿನ್ನು ಅಂತ ಹೆಸರು. ಆಗಿನ ಹಚ್ ಮೊಬೈಲ್ ಕಂಪನಿ ಜಾಹೀರಾತಿನ ನಾಯಿ ನೋಡಿ ಮನಸೋತು ತಂದಿದ್ದು. ಅಷ್ಟು ಪ್ರೀತಿ ಕೊಟ್ಟ ಜೀವ ಇನ್ನೊಂದಿಲ್ಲ, ಆದರೂ ಮತ್ತೆ ಪಗ್ ತರಲ್ಲ. ಅವಳು ದಿನಾ ಗದ್ದವನ್ನು ನನ್ನ ಚಪ್ಪಲಿ ಮೇಲೆ ಎತ್ತರಕ್ಕೆ ಇಟ್ಕೊಂಡು ಮಲಗೋಳು. ಎಷ್ಟು ಮುದ್ದಾಗಿದೆ ಅಂತ ಫೋಟೋ ತೆಗೀತಿದ್ವಿ. ತಲೆ ತಗ್ಗಿದರೆ ಉಸಿರು ಕಟ್ಟುತ್ತೆ, ಅದಕ್ಕೇ ಹಾಗೆ ಮಲಗ್ತಾಳೆ ಅಂತ ಡಾಕ್ಟರ್ ಹೇಳಿದ ಮೇಲೆ ಆ ಫೋಟೋಗಳನ್ನ ನೋಡೋಕೆ ಆಗ್ತಿಲ್ಲ.

ಚಪ್ಪಟೆ ಮುಖದ ನಾಯಿಗಳನ್ನೇ ಆರಿಸಿ ಆರಿಸಿ ಕೂಡಿಸ್ತಾ ಬಂದಿದ್ದಾರೆ. ಮುಖದ ಮೂಳೆ ಗಿಡ್ಡ ಆಯ್ತು, ಒಳಗಿನ ಮಾಂಸ ಗಿಡ್ಡ ಆಗಲಿಲ್ಲ. ಬಾಯಿಯ ಹಿಂಭಾಗದ ಮೆತ್ತನೆ ಅಂಗುಳು ಗಂಟಲಿಗೆ ಅಡ್ಡ ಬರುತ್ತೆ, ಮೂಗಿನ ಹೊಳ್ಳೆ ಬರೀ ಒಂದು ಸೀಳು. ನಾಯಿ ಮೈ ತಣಿಸಿಕೊಳ್ಳೋದು ಮುಖ್ಯವಾಗಿ ಏದುಸಿರಿನಿಂದಲೇ, ಇವಕ್ಕೆ ಅದೇ ಕಷ್ಟ. ಒಂದು ಏಪ್ರಿಲ್ ಸಂಜೆ ಪಾರ್ಕಿನಲ್ಲಿ ನಾಲಿಗೆ ನೀಲಿ ಆಗಿ ಕುಸಿದುಬಿದ್ದಳು. ಬದುಕಿದಳು, ಆಮೇಲೆ ಹೊಳ್ಳೆಗೂ ಅಂಗುಳಿಗೂ ಆಪರೇಷನ್ ಆಯ್ತು. ಬೆಂಗಳೂರಲ್ಲೇ ಹೀಗಾದರೆ ಬಳ್ಳಾರಿ ಬಿಸಿಲಲ್ಲಿ ಏನು ಗತಿ, ದಯವಿಟ್ಟು ಯೋಚಿಸಿ.

ಮಂಗಳೂರಿನಿಂದ: ಪಗ್ ಒಂದೇ ಅಲ್ಲ, ನಮ್ಮದು ಲ್ಯಾಬ್ರಡಾರ್. ಹತ್ತು ತಿಂಗಳಿಗೇ ಮೆಟ್ಟಿಲು ಹತ್ತುವಾಗ ಎರಡೂ ಹಿಂಗಾಲು ಒಟ್ಟಿಗೆ ಎತ್ತಿ ಮೊಲದ ಹಾಗೆ ಕುಪ್ಪಳಿಸ್ತಿತ್ತು. ಎಕ್ಸ್‌ರೇಯಲ್ಲಿ ಸೊಂಟದ ಕೀಲು ಸಡಿಲ ಅಂತ ಗೊತ್ತಾಯ್ತು. ಪೇಪರ್ ತೆಗೆದು ನೋಡಿದರೆ ಅಪ್ಪನ ಅಪ್ಪ, ಅಮ್ಮನ ಅಪ್ಪ ಎರಡೂ ಒಂದೇ ನಾಯಿ! ಪೇಪರ್ ವಂಶ ಹೇಳುತ್ತೆ, ಕೀಲು ಹೇಗಿದೆ ಅಂತ ಹೇಳಲ್ಲ. ತಂದೆ ತಾಯಿ ಇಬ್ಬರ ಸೊಂಟದ ಎಕ್ಸ್‌ರೇ ಕೇಳಬೇಕಿತ್ತು, ಕೇಳಲಿಲ್ಲ.

ಧಾರವಾಡದಿಂದ, ಪಶುವೈದ್ಯೆ: ಉಸಿರಾಟ ಅಷ್ಟೇ ಅಲ್ಲ, ಪಗ್‌ಗಳ ಉಬ್ಬುಗಣ್ಣಿನ ಹುಣ್ಣು, ಮುಖದ ಮಡಿಕೆಯ ಸೋಂಕನ್ನೂ ನೋಡ್ತಾನೇ ಇರ್ತೀನಿ. "ಗೊರಕೆ ಈ ಜಾತಿಗೆ ಸಹಜ ಅಲ್ವಾ ಮೇಡಂ?" ಅಂತ ಎಲ್ಲರೂ ಕೇಳ್ತಾರೆ. ಸಾಮಾನ್ಯ ಇರಬಹುದು, ಆರೋಗ್ಯ ಅಲ್ಲ. ಮರಿ ತರೋದೇ ಆದರೆ ತಾಯಿಯನ್ನ ಕಣ್ಣಾರೆ ನೋಡಿ, ಹತ್ತು ನಿಮಿಷ ಓಡಾಡಿಸಿ ಅದರ ಉಸಿರು ಕೇಳಿ. ನಮ್ಮ ದೇಶದ 2017ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿ ಮಾರುವಂತಿಲ್ಲ, ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ನೋಂದಣಿ ಪತ್ರ ಕೇಳಿ ನೋಡಿ.

ಮನಸ್ಸು ಮಾಡಿದರೆ ತಳಿಯನ್ನ ಸರಿಮಾಡಬಹುದು. ಮೈತುಂಬ ಚುಕ್ಕೆ ಇರೋ ಡಾಲ್ಮೇಷನ್ ತಳಿ ನೋಡಿ: ಶುದ್ಧ ಡಾಲ್ಮೇಷನ್‌ಗಳಿಗೆಲ್ಲ ಮೂತ್ರದಲ್ಲಿ ಯೂರಿಕ್ ಆಮ್ಲ ಜಾಸ್ತಿ, ಕಲ್ಲು ಕಟ್ಟೋ ಭಯ. 1973ರಲ್ಲಿ ಅಮೆರಿಕದಲ್ಲಿ ಒಬ್ಬ ತಳಿವಿಜ್ಞಾನಿ ಒಂದೇ ಒಂದು ಸಲ ಪಾಯಿಂಟರ್ ಅನ್ನೋ ಬೇರೆ ತಳಿ ಜೊತೆ ಕೂಡಿಸಿ, ಮುಂದೆ ಪ್ರತಿ ಪೀಳಿಗೆಯನ್ನೂ ಡಾಲ್ಮೇಷನ್‌ಗೇ ಕೂಡಿಸಿದರು. ಚುಕ್ಕೆ ಉಳೀತು, ಆ ದೋಷ ಹೋಯ್ತು. ಆದರೂ "ಶುದ್ಧ ಅಲ್ಲ" ಅನ್ನೋ ವಾದ ಎಷ್ಟು ಗಟ್ಟಿ ಅಂದರೆ ತಳಿ ನಾಯಿಗಳ ನೋಂದಣಿ ಮಾಡೋ ಅಮೆರಿಕನ್ ಕೆನಲ್ ಕ್ಲಬ್ ಆ ನಾಯಿಗಳನ್ನ ನೋಂದಣಿಗೆ ಒಪ್ಪಿದ್ದು 2011ರಲ್ಲಿ.

ಮುಧೋಳ ಕಡೆಯಿಂದ: ನಮ್ಮ ಮುಧೋಳ ನಾಯಿ ಯಾಕ ನೋಡಬಾರದ್ರಿ? 2005ರಾಗ ಅಂಚೆ ಚೀಟಿ ಮ್ಯಾಲೆ ಬಂದದ್ದು. ಉದ್ದ ಮೂತಿ, ಆಳಾದ ಎದಿ. ನಮ್ಮಜ್ಜಾರು ಬೇಟೆಯೊಳಗ ಓಡಿ ದಣಿಯಲಾರದ್ದನ್ನ ಆರಿಸಿದ್ರೇ ಹೊರತು ಮುದ್ದು ಮಾರಿ ನೋಡಿ ಅಲ್ಲ. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಾಗ ಕೇಳ್ರಿ. ಆದ್ರ ಓಡಾಕ ಜಾಗ ಇಲ್ಲಂದ್ರ ಬ್ಯಾಡ್ರಿ, ಕಟ್ಟಿ ಹಾಕಿದ್ರ ಅದು ಕೊರಗತೈತಿ.

ಬಳ್ಳಾರಿಯಿಂದ: ಎಲ್ಲರಿಗೂ ಋಣಿ. ತಾಯಿನಾಯಿ ನೋಡ್ಬೇಕು ಅಂದೆ, "ಬೇರೆ ಊರಲ್ಲಿದೆ, ವಿಡಿಯೋ ಕಳಿಸ್ತೀನಿ" ಅಂದರು. ಅಡ್ವಾನ್ಸ್ ಕೊಟ್ಟಿಲ್ಲ, ಕೊಡಲ್ಲ. ನಮ್ಮದು ಎರಡು ರೂಮಿನ ಮನೆ, ಮುಧೋಳಕ್ಕೆ ಜಾಗ ಸಾಲದು. ಪಕ್ಕದ ಓಣಿಯಲ್ಲಿ ಬೀದಿನಾಯಿ ನಾಲ್ಕು ಮರಿ ಹಾಕಿದೆ, ಮಗಳು ಆಗಲೇ ಕಂದು ಮರಿಗೆ ಹೆಸರಿಟ್ಟಿದ್ದಾಳೆ. ಲಸಿಕೆ ಯಾವಾಗ ಹಾಕಿಸಬೇಕು ಡಾಕ್ಟ್ರೇ?

ಧಾರವಾಡದಿಂದ: ಎಂಟು ವಾರದವರೆಗೆ ತಾಯಿ ಜೊತೆಗೇ ಇರಲಿ. ಮೊದಲ ಲಸಿಕೆ ಆರರಿಂದ ಎಂಟು ವಾರದೊಳಗೆ, ಅದಕ್ಕೂ ಮುಂಚೆ ಜಂತುಹುಳುವಿನ ಔಷಧಿ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ತಾಯಿಗೂ ಅವತ್ತೇ ಒಂದು ರೇಬೀಸ್ ಚುಚ್ಚುಮದ್ದು ಹಾಕಿಸಿಬಿಡಿ.